ರಿಲೀವರ್ ಬಾರದೆ ಇಳಿಯುವಂತಿಲ್ಲ

ಇಲಾಖೆಯ ಹೆಸರು ಹೇಳುವುದಿಲ್ಲ. ನಮ್ಮವರ ಪಿಂಚಣಿ ಅಲ್ಲಿಂದಲೇ ಬರಬೇಕು.

1991ರಲ್ಲಿ ನಮ್ಮವರು, ಅಂದರೆ ಮಲ್ಲಿಕಾರ್ಜುನ್, ಸೊರಬ ತಾಲ್ಲೂಕಿನ ಉಳವಿಯಲ್ಲಿ ಒಂದೇ ಕೋಣೆಯ ಆಫೀಸಿಗೆ ಒಬ್ಬರೇ ಗುಮಾಸ್ತರು. ನಾನು ಶಿಕಾರಿಪುರದಲ್ಲಿ ಮಾವನವರ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಿದ್ದೆ. ದಸರೆಯ ಹೊತ್ತಿಗೇ ಇವರಿಗೆ ಶಿಕಾರಿಪುರಕ್ಕೆ ವರ್ಗವಾಗಿತ್ತು. ಆದರೆ ಸರ್ಕಾರಿ ನೌಕರಿಯಲ್ಲಿ ಆದೇಶ ಬಂದರೆ ಸಾಲದು, ನಮ್ಮ ಜಾಗಕ್ಕೆ ಇನ್ನೊಬ್ಬ ಬಂದು ಚಾರ್ಜ್ ತೆಗೆದುಕೊಳ್ಳಬೇಕು. ಅವನಿಗೆ ರಿಲೀವರ್ ಅನ್ನುತ್ತಾರೆ. ನಮ್ಮ ರಿಲೀವರ್ ಮಹಾಶಯ ಯಾರದೋ ಕಾಲು ಹಿಡಿದು ಬೇರೆ ಊರಿಗೆ ಹಾಕಿಸಿಕೊಂಡ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಇವರು ಶನಿವಾರ ಸಂಜೆ ಬಂದು ಭಾನುವಾರ ಸಂಜೆ ಹೊರಡುತ್ತಿದ್ದರು. ಮಗಳು ಗಂಗಾಶ್ರೀಗೆ ಆಗ ಒಂದೂವರೆ ವರ್ಷ. ಅಂಗಡಿ ಮುಂದೆ ಸೊರಬದ ಬಸ್ಸು ಬಂದಾಗಲೆಲ್ಲ ನಾನು "ಅಗೋ ಅಪ್ಪ" ಎಂದು ತೋರಿಸಿ ತೋರಿಸಿ, ಅವಳು ಬಸ್ಸಿಗೇ ಅಪ್ಪ ಅನ್ನಲು ಕಲಿತಳು. ಅದರಿಂದ ಇಳಿದು ಬಂದ ಇವರಿಗೆ "ಮಾಮ" ಅಂದಳು. ಇವರು ನಕ್ಕರು. ಆದರೆ ಆ ಸಂಜೆ ಹೊರಡುವಾಗ ಚೀಲವನ್ನೇ ಮರೆತು ಹೋದರು. ನನಗೆ ಸಿಟ್ಟು ನೆತ್ತಿಗೇರಿತು.

ಸಂಕ್ರಾಂತಿ ಕಳೆದ ಸೋಮವಾರ ಅಂಗಡಿ ಬಾಗಿಲು ಹಾಕಿ ಸೊರಬಕ್ಕೆ ಹೋದೆ. ಇವರ ಮೇಲಧಿಕಾರಿ ಉಚ್ಚಂಗಪ್ಪನವರು ಮೇಜಿನ ತುಂಬ ಪೇಪರ್ ಹರಡಿಕೊಂಡು ಕೂತಿದ್ದರು. ನನ್ನ ಗೋಳು ಕೇಳಿ ಪೇಪರಿನ ಒಂದು ಸುದ್ದಿಯ ಮೇಲೆ ಬೆರಳಿಟ್ಟರು.

"ಇಲ್ನೋಡಮ್ಮ, ರಷ್ಯಾದವನೊಬ್ಬ ಮೇಲೆ ಹೋಗಿದ್ದಾನೆ."

"ಅಯ್ಯೋ ಪಾಪ, ಏನಾಗಿತ್ತಂತ್ರೀ?"

"ಸತ್ತಿಲ್ಲಮ್ಮ. ಡ್ಯೂಟಿ ಮೇಲೆ ಹೋಗಿದ್ದಾನೆ. ಆಕಾಶದಾಗೆ ಮೀರ್ ಅಂತ ಒಂದು ಮನೆ ಐತೆ, ಭೂಮಿ ಸುತ್ತಾನೇ ಇರುತ್ತೆ. ಐದು ತಿಂಗಳಿಗೆ ಅಂತ ಹೋದೋನು, ಈಗ ಎಂಟಾಯ್ತು. ಅವನ ಜಾಗಕ್ಕೆ ಹೋಗಬೇಕಾದೋನ ಸೀಟು ಬೇರೆಯವರ ಪಾಲಾಯ್ತು. ರಿಲೀವರ್ ಇಲ್ಲ. ಅಷ್ಟರಾಗೆ ಕಳಿಸಿದ ದೇಶಾನೇ ಒಡೆದುಹೋಯ್ತು. ಆದ್ರೂ ತೆಪ್ಪಗೆ ಕೆಲಸ ಮಾಡ್ತಿದ್ದಾನೆ. ಗೋಡೆಗೆ ಕಟ್ಟಿದ ಚೀಲದಾಗೆ ನಿದ್ದೆ. ಬೆವರು, ಉಸಿರಿನ ತೇವ ಹಿಡಿದು ಶುದ್ಧ ಮಾಡಿ ಅದನ್ನೇ ಕುಡೀಬೇಕು. ನಿಮ್ಮ ಯಜಮಾನ್ರಿಗೆ ಉಳವಿಯಾಗೆ ಬಾವಿ ಇಲ್ವಾ, ಮಂಚ ಇಲ್ವಾ?"

"ಅವನ ಹೆಂಡ್ತಿ ಏನಂತಾಳಂತ್ರೀ?"

"ಅದನ್ನ ಪೇಪರ್‌ನಾಗೆ ಹಾಕಿಲ್ಲ."

"ಹಾಕಲ್ಲ ಬಿಡ್ರೀ. ಅವಳನ್ನ ಯಾರು ಕೇಳ್ತಾರೆ."

ಉಚ್ಚಂಗಪ್ಪನವರು ಪೇಪರ್ ಮಡಚಿದರು. "ಅವನು ಇಳಿದ ದಿನ ಬಾರಮ್ಮ. ನಿಮ್ಮ ಯಜಮಾನ್ರನ್ನೂ ಇಳಿಸ್ತೀನಿ." ಆಫೀಸೆಲ್ಲ ನಕ್ಕಿತು. ನಾನು ನಗಲಿಲ್ಲ. ಮಾತೆಂದರೆ ಮಾತು.

ಅಂದಿನಿಂದ ನಮ್ಮ ಅಂಗಡಿಗೆ ಪೇಪರ್ ಬಂದರೆ ಮೊದಲು ಆಕಾಶದ ಸುದ್ದಿ. ಒಂದು ದಿನ ಮಾವ ಪರಮಶಿವಪ್ಪನವರಿಗೆ ಓದಿ ಹೇಳಿದೆ, ಮೀರ್‌ನಲ್ಲಿ ದಿನಕ್ಕೆ ಸುಮಾರು ಹದಿನಾರು ಸಲ ಸೂರ್ಯ ಹುಟ್ಟುತ್ತಾನೆ ಎಂದು. ಬೆಳಗಿನ ಪೂಜೆಯಾಗದೆ ನೀರೂ ಮುಟ್ಟದ ಮನುಷ್ಯ ಅವರು. ಬಹಳ ಹೊತ್ತು ಲೆಕ್ಕ ಹಾಕಿದರು.

"ಹದಿನಾರು ಸಲ ಪೂಜೆ ಮಾಡಿದ್ರೆ ಉಣ್ಣೋದು ಯಾವಾಗವ್ವ? ಸೊರಬ ತಾಲ್ಲೂಕೇ ವಾಸಿ."

ನಾನು ತೊಗರ್ಸಿಗೆ ಹೋಗಿ ಮಲ್ಲಿಕಾರ್ಜುನ ಸ್ವಾಮಿಗೆ ಹರಕೆ ಕಟ್ಟಿದೆ. ಗಂಡನ ಹೆಸರಿನಲ್ಲಲ್ಲ, ಆ ರಷ್ಯಾದವನಿಗಾಗಿ. ಯಾರ ಹೆಸರಿನಲ್ಲಿ ಅರ್ಚನೆ ಎಂದು ಅರ್ಚಕರು ಕೇಳಿದರು. ಅವನ ಹೆಸರಿಗೆ ನಾಲಿಗೆ ಹೊರಳಲಿಲ್ಲ. "ಮೇಲಿರೋರ ಹೆಸರಲ್ಲಿ" ಅಂದೆ. ಅವರು ದೇವರ ಹೆಸರಿನಲ್ಲೇ ಮಾಡಿ ಮುಗಿಸಿದರು.

ಮಾರ್ಚ್ ಕೊನೆಗೆ ಸುದ್ದಿ ಬಂತು. ಇಳಿದ. ತಿಂಗಳುಗಟ್ಟಲೆ ತೇಲಿದ ಕಾಲುಗಳಿಗೆ ನಿಲ್ಲುವ ತ್ರಾಣವಿರಲಿಲ್ಲವಂತೆ, ನಾಲ್ಕು ಜನ ಹಿಡಿದು ಕುರ್ಚಿಯ ಮೇಲೆ ಕೂರಿಸಿದರಂತೆ. ನನಗೆ ಅಳು ಬಂತು. ಕಣ್ಣೊರೆಸಿಕೊಂಡು ಮಗಳನ್ನು ಸೊಂಟಕ್ಕೇರಿಸಿ, ಆ ಪೇಪರ್ ಹಿಡಿದು ಸೊರಬದ ಬಸ್ಸು ಹತ್ತಿದೆ.

"ಸಾಹೇಬ್ರೇ, ಅವನು ಇಳಿದ."

"ಅಲ್ಲಮ್ಮ, ನಾನು ಏನೋ ತಮಾಷೆಗೆ..."

"ಅವನನ್ನ ಕಳಿಸಿದ ಸರ್ಕಾರ ಸತ್ತೇ ಹೋಗಿತ್ತು. ಸತ್ತ ಸರ್ಕಾರದೋರು ಆಕಾಶದಿಂದ ಇಳಿಸ್ಕೊಂಡ್ರು. ನಿಮ್ದು ಬದುಕಿರೋ ಸರ್ಕಾರ. ಉಳವಿಯಿಂದ ಇಳಿಸೋಕೆ ಆಗಲ್ವೇನ್ರೀ?"

ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರ್ನ್ ಕೇಳಿತು. ಗಂಗಾಶ್ರೀ ಕಿಟಕಿಯ ಕಡೆ ಎರಡೂ ಕೈ ಚಾಚಿ "ಅಪ್ಪ, ಅಪ್ಪ" ಎಂದು ಕುಣಿದಳು. ಉಚ್ಚಂಗಪ್ಪನವರು ಎದ್ದು ಹೊರಗೆ ಇಣುಕಿದರು.

"ಯಜಮಾನ್ರು ಬಂದ್ರಾ? ಕಾಣ್ತಿಲ್ಲವಲ್ಲ."

"ಅವರಲ್ರೀ. ಆ ಬಸ್ಸೇ ಅವಳಿಗೆ ಅಪ್ಪ."

ಈ ಸಲ ಆಫೀಸಿನಲ್ಲಿ ಯಾರೂ ನಗಲಿಲ್ಲ. ಉಚ್ಚಂಗಪ್ಪನವರು ಬಂದು ಕೂತು ನಮ್ಮವರ ಫೈಲು ತರಿಸಿದರು. ಆಮೇಲೆ ಪಕ್ಕದ ಊರಿನ ಗುಮಾಸ್ತನಿಗೆ ಉಳವಿಯ ಚಾರ್ಜನ್ನೂ ವಹಿಸಿ, ಅಲ್ಲೇ ಸಹಿ ಹಾಕಿದರು.

ಯುಗಾದಿಯ ಹಿಂದಿನ ದಿನ ನಮ್ಮವರು ಹಾಸಿಗೆ ಸುತ್ತಿಕೊಂಡು ಬಂದಿಳಿದರು. ಪೇಪರ್ ಅವರೂ ಓದಿದ್ದರು. ಬಂದವರೇ ಕುರ್ಚಿಯಲ್ಲಿ ಕೂತು, "ಕಾಲು ನಿಲ್ತಿಲ್ಲ ಕಣೆ, ನಾಲ್ಕು ಜನ ಬೇಕು" ಅಂದರು. ನಾನು ಹೋಳಿಗೆಗೆ ಬೇಳೆ ಆರಿಸಲು ಮೊರ ಕೊಟ್ಟೆ.

ಹಬ್ಬ ಮುಗಿದ ಭಾನುವಾರ ಸಂಜೆ ಸೊರಬದ ಬಸ್ಸು ಎಂದಿನಂತೆ ಬಂದು ಹಾರ್ನ್ ಹೊಡೆಯಿತು. ಗಂಗಾಶ್ರೀ ಬಸ್ಸು ನೋಡಿದಳು, ಇವರನ್ನು ನೋಡಿದಳು. ಇವರು ಏಳಲಿಲ್ಲ. ಬಸ್ಸು ಹೊರಟೇ ಹೋಯಿತು. ಮಗು ತಟ್ಟಾಡಿಕೊಂಡು ಬಂದು ಇವರ ಹೆಬ್ಬೆರಳು ಹಿಡಿದು, ಪಾಪ ಸಮಾಧಾನ ಮಾಡುವವಳ ಹಾಗೆ ಹೇಳಿದಳು.

"ಮಾಮ, ಅಪ್ಪ ಹೋತು."

"ಹೋಗ್ಲಿ ಬಿಡವ್ವ," ಅಂದರು ಇವರು, "ನಾ ಇದೀನಲ್ಲ."