ತಗ್ಗಿನ ಪೇಟೆಯ ತೂಬು

ಮಧ್ಯಾಹ್ನ ಮೂರೂಕಾಲಿಗೆ ಶಿರಾಳಕೊಪ್ಪದ ತಗ್ಗಿನ ಪೇಟೆಗೆ ನೀರು ನುಗ್ಗಿತು. ೧೯೫೮ರ ಜೂನ್, ಸಂತೆಯ ದಿನ. ಪೇಟೆಗೆ ಇನ್ನು ಮುಂದೆ ನೀರು ನುಗ್ಗಬಾರದೆಂದು ನೆಲದಡಿಯಲ್ಲಿ ಕಟ್ಟಿದ ಕಲ್ಲಿನ ಸುರಂಗ ಆ ಬೇಸಿಗೆಯಲ್ಲೇ ಮುಗಿದಿತ್ತು.

ಸುರಂಗ ಬಂದದ್ದು ಬೆಲ್ಲದ ವ್ಯಾಪಾರಿ ಉಚ್ಚಂಗಪ್ಪನಿಂದ. ಮಳೆಗಾಲದಲ್ಲಿ ಪೇಟೆಯ ಎಲ್ಲ ಅಂಗಡಿಗಳಿಗೂ ನೀರು ಬರುತ್ತಿತ್ತು. ಆದರೆ ಬಟ್ಟೆಯವನು ಬಟ್ಟೆ ಒಣಗಿಸಿಕೊಳ್ಳುತ್ತಿದ್ದ, ಪಾತ್ರೆಯವನು ಪಾತ್ರೆ ಒರೆಸಿಕೊಳ್ಳುತ್ತಿದ್ದ. ಕರಗಿದ ಬೆಲ್ಲವನ್ನು ಒಣಗಿಸಿದವರನ್ನು ಯಾರೂ ಕಂಡಿರಲಿಲ್ಲ. ಅದಕ್ಕೇ ಉಚ್ಚಂಗಪ್ಪ ಪಂಚಾಯ್ತಿ ಸದಸ್ಯನಾದ ಮೇಲೆ ಬೇರೆ ಯಾವ ಕೆಲಸಕ್ಕೂ ಕೈ ಹಾಕದೆ, ಶಿಕಾರಿಪುರಕ್ಕೂ ಶಿವಮೊಗ್ಗಕ್ಕೂ ಬಸ್ಸು ಹತ್ತಿ ಇಳಿದು, ಕೊನೆಗೆ ಇಂಜಿನಿಯರ್ ಪರಮಶಿವಪ್ಪನನ್ನು ಊರಿಗೆ ಕರೆತಂದಿದ್ದ.

ಪರಮಶಿವಪ್ಪ ಕಟ್ಟಿಸಿದ್ದು ಸರಳ ಕೆಲಸ. ಪೇಟೆಯ ತಗ್ಗಿನಲ್ಲಿ ಒಂದು ಬಾಯಿ, ರಸ್ತೆಯಡಿ ಆಳು ಬಗ್ಗಿ ನಡೆಯುವಷ್ಟು ಎತ್ತರದ ಕಮಾನು, ಊರಾಚೆ ಗದ್ದೆಬಯಲಿನಲ್ಲಿ ಇನ್ನೊಂದು ಬಾಯಿ. ಅಲ್ಲಿಂದ ನೀರು ಹಳ್ಳ ಸೇರಬೇಕು. ಕೆಳಗಿನ ಬಾಯಿ ಸದಾ ತೆರೆದೇ ಇರಬೇಕು ಎಂದು ಅವನು ಪದೇ ಪದೇ ಹೇಳಿದ. ಆ ಬಾಯಿಯ ಮುಂದಿನ ಗದ್ದೆ ಉಚ್ಚಂಗಪ್ಪನದು.

ಕೆರೆ ನಂಬಿ ಬದುಕಿದವರಿಗೆ ನೀರು ಸುಮ್ಮನೆ ಹರಿದುಹೋಗುವುದನ್ನು ನೋಡುತ್ತ ನಿಲ್ಲುವುದು ಕಷ್ಟ. ನೀರನ್ನು ಸುರಂಗದಲ್ಲೇ ತಡೆದು, ಬೇಕಾದಾಗ ಗದ್ದೆಗೆ ಬಿಟ್ಟುಕೊಳ್ಳಬಹುದೆಂದು ಉಚ್ಚಂಗಪ್ಪನಿಗೆ ಹೊಳೆಯಿತು.

"ಬಾಗಿಲಿಗೆ ಬಂದ ಗಂಗಮ್ಮನ್ನ ಹಳ್ಳಕ್ಕೆ ನೂಕ್ತಾರೇನ್ರೀ? ಒಂದು ತೂಬು ಇಟ್ರೆ ನಿಮ್ ಗಂಟೇನು ಹೋಗುತ್ತೆ?"

"ತೂಬು ಇಟ್ರೆ ಅದು ಕೆರೆ ಆಗುತ್ತೆ ಉಚ್ಚಂಗಪ್ಪನೋರೆ," ಎಂದ ಪರಮಶಿವಪ್ಪ. "ಕೆರೆ ಅಂಗಳದಲ್ಲಿ ನಿಮ್ಮ ಅಂಗಡಿ ಇರುತ್ತೆ."

ಪಂಚಾಯ್ತಿ ಸಭೆಯಲ್ಲಿದ್ದ ಎಲ್ಲರೂ ನಕ್ಕರು; ಉಚ್ಚಂಗಪ್ಪನೂ ನಕ್ಕ. ಇಂಜಿನಿಯರಿಗೆ ಸೊರಬಕ್ಕೆ ವರ್ಗವಾಯಿತು. ಅದೇ ವಾರ ಪಂಚಾಯ್ತಿ ಒಮ್ಮತದಿಂದ ತೂಬು ಮಂಜೂರು ಮಾಡಿತು. ಬಡಗಿ ಕೆಳಗಿನ ಬಾಯಿಗೆ ದಪ್ಪ ಹಲಗೆ ಕೂರಿಸಿದ. ಕೆರೆಯ ನೀರು ನೋಡಿಕೊಳ್ಳುವ ನೀರುಗಂಟಿ ಸಣ್ಣಪ್ಪನಿಗೇ ಇದರ ಉಸ್ತುವಾರಿಯೂ ಬಿತ್ತು.

ಹೊಸ ತೂಬಿನ ಮೊದಲ ನೀರನ್ನು ಗಂಗೆಪೂಜೆ ಆಗದೆ ಬಿಡುವಂತಿಲ್ಲ, ಅದು ಕೆರೆಯ ಕಟ್ಟಳೆ. ಪೂಜೆ ತನ್ನ ಹೆಂಡತಿ ಬಸಕ್ಕನ ಕೈಯಿಂದಲೇ ಆಗಬೇಕು, ಅಲ್ಲಿಯವರೆಗೆ ಯಾರು ಹೇಳಿದರೂ ಹಲಗೆ ಎತ್ತಕೂಡದು ಎಂದು ಉಚ್ಚಂಗಪ್ಪ ತುಂಬಿದ ಸಭೆಯಲ್ಲಿ ಸಣ್ಣಪ್ಪನಿಗೆ ತಾಕೀತು ಮಾಡಿದ. ಮುಹೂರ್ತ ಶುಕ್ರವಾರಕ್ಕಿತ್ತು. ಮಳೆ ಪಂಚಾಂಗ ನೋಡದೆ ಅದಕ್ಕೂ ಮೊದಲೇ, ಸಂತೆಯ ದಿನ ಬಂತು.

ಅಂಗಡಿಯಲ್ಲಿ ಬೆಲ್ಲದ ಮೂಟೆಗಳ ಕೆಳಸಾಲು ಆಗಲೇ ನೀರಿನಲ್ಲಿತ್ತು. ಬಸಕ್ಕ ಸೀರೆ ಎತ್ತಿಕಟ್ಟಿ, ಕೈಗೆ ಸಿಕ್ಕಷ್ಟು ಬೆಲ್ಲವನ್ನು ಅಟ್ಟಕ್ಕೆ ಹಾಕುತ್ತಿದ್ದಳು. ಉಚ್ಚಂಗಪ್ಪ ಗದ್ದೆಬಯಲಿಗೆ ಓಡಿದ. ಸಣ್ಣಪ್ಪ ಕಂಬಳಿ ಹೊದ್ದು ಹಲಗೆಯ ಪಕ್ಕದಲ್ಲೇ ಕಾವಲು ಕೂತಿದ್ದ.

"ಎತ್ತೋ ಸಣ್ಣಪ್ಪ, ಹಲಗೆ ಎತ್ತು."

"ಪೂಜೆ ಆಗಿಲ್ಲಲ್ರೀ ಸಾವ್ಕಾರ್ರೆ."

"ನಾನೇ ಹೇಳ್ತಿದೀನಲ್ಲೋ."

"ಯಾರು ಹೇಳಿದ್ರೂ ಎತ್ಬೇಡ ಅಂದೋರೂ ನೀವೇ ಅಲ್ರೀ."

ಉಚ್ಚಂಗಪ್ಪ ತಾನೇ ಹಲಗೆಗೆ ಕೈಹಾಕಿದ. ಹಿಂದಿನ ನೀರಿನ ಒತ್ತಡಕ್ಕೆ ಅದು ಮಿಸುಕಲಿಲ್ಲ. ಹಾರೆ ಹಾಕಿ ಮೀಟಬೇಕು. ಹಾರೆ ಸಣ್ಣಪ್ಪನ ಕೈಯಲ್ಲಿತ್ತು. ಪಂಚಾಯ್ತಿಯ ಮಾತು ಮೀರಿದರೆ ನಾಳೆ ತನ್ನನ್ನು ತೆಗೆದುಹಾಕುವವರೂ ಸಾವ್ಕಾರರೇ ಎಂದು ಸಣ್ಣಪ್ಪ ವಿನಯದಿಂದಲೇ ತಿಳಿಸಿದ.

ಉಚ್ಚಂಗಪ್ಪ ಮತ್ತೆ ಅಂಗಡಿಗೆ ಬಂದಾಗ ನೀರು ಮೊಳಕಾಲು ದಾಟಿತ್ತು.

"ನಾ ಪೂಜೆಗೆ ಬಂದ್ರೆ ಬೆಲ್ಲ ಯಾರು ಎತ್ತೋರು?" ಎಂದಳು ಬಸಕ್ಕ.

"ನೀ ಬರ್ದಿದ್ರೆ ಎತ್ತೋಕೆ ಬೆಲ್ಲ ಎಲ್ಲಿರುತ್ತೆ?"

ಅವಳು ಹೊರಟಳು. ಸಂತೆಯಲ್ಲಿ ತೇಲುತ್ತಿದ್ದ ತೆಂಗಿನಕಾಯಿಗಳಲ್ಲಿ ಒಂದನ್ನು ಉಚ್ಚಂಗಪ್ಪ ಹಿಡಿದುಕೊಂಡ. ತೂಬಿನ ಬಳಿ ಅವನು ಅವಸರ ಮಾಡಿದ, ಬಸಕ್ಕ ಮಾಡಲಿಲ್ಲ. ಗಂಗಮ್ಮನ ಕೆಲಸವನ್ನು ಅರೆಬರೆ ಮಾಡಿ ಮನೆಗೆ ಕೇಡು ತಂದುಕೊಳ್ಳಲು ತಾನು ಸಿದ್ಧಳಿಲ್ಲ ಎಂದು ಹೇಳಿ, ಮಳೆಗೆ ತೊಳೆದುಹೋದ ಕುಂಕುಮವನ್ನು ಹಲಗೆಗೆ ಮತ್ತೆ ಮತ್ತೆ ಹಚ್ಚಿದಳು. ಕಾಯಿ ಒಡೆದ ಮೇಲೆ ಸಣ್ಣಪ್ಪ ಕೈಮುಗಿದು ಹಾರೆ ಹಾಕಿದ.

ಸುರಂಗ ಪರಮಶಿವಪ್ಪ ಹೇಳಿದ್ದಂತೆಯೇ ಕೆಲಸ ಮಾಡಿತು. ಅರ್ಧ ಗಂಟೆಯೊಳಗೆ ಪೇಟೆಯಲ್ಲಿ ನೆಲ ಕಂಡಿತು. ಒಮ್ಮೆಲೇ ನುಗ್ಗಿದ ನೀರಿಗೆ ಉಚ್ಚಂಗಪ್ಪನ ಗದ್ದೆಯ ಬದು ಕಿತ್ತುಹೋಯಿತು. ಅಂಗಡಿಯಲ್ಲಿ ಗೋಣಿಚೀಲಗಳೇನೋ ಇದ್ದವು. ಕೆಳಸಾಲಿನವು ಪೂರಾ ಬರಿದಾಗಿದ್ದವು.

ಸುದ್ದಿ ತಿಳಿದು ಸೊರಬದಿಂದ ಬಂದ ಪರಮಶಿವಪ್ಪ, ಹಲಗೆ ಕಿತ್ತುಹಾಕಿ ಎಂದ. ಪಂಚಾಯ್ತಿ ಸೇರಿತು. ಕುಂಕುಮ ಬಿದ್ದು ಕಾಯಿ ಒಡೆದ ತೂಬನ್ನು ಕೀಳುವವರು ಯಾರು ಎಂಬ ಪ್ರಶ್ನೆ ಎದ್ದಿತು. ಎಲ್ಲರೂ ಉಚ್ಚಂಗಪ್ಪನ ಮುಖ ನೋಡಿದರು. ಪೂಜೆ ಮಾಡಿದ ಕೈ ಅವನ ಮನೆಯದು. ಅವನು ತೂಬು ಇರಲಿ ಎಂದೇ ಕೈ ಎತ್ತಿದ.

ದೀಪಾವಳಿಯ ಹೊತ್ತಿಗೆ ಅವನು ಅದೇ ಅಂಗಡಿಯಲ್ಲಿ ಬೆಲ್ಲ ಬಿಟ್ಟು ನೇಗಿಲ ಗುಳ, ಕುಡುಗೋಲು ಮಾರತೊಡಗಿದ.