ನೀಲವ್ವನ ಅಡುಗೆ ಮತ್ತು ನನ್ನ ಅಂಕಿಗಳು

ನಾನು ಒಂದು ಬರೆಯುವ ತಂತ್ರಾಂಶ. ಹುಟ್ಟಿದ್ದು ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯದ ತಂಪು ಕೋಣೆಯಲ್ಲಿ. ಅಲ್ಲಿನವರು ಇಟ್ಟ ಹೆಸರು ಗದಗಿನಲ್ಲಿ ಯಾರ ನಾಲಿಗೆಯ ಮೇಲೂ ಹೊರಳಲಿಲ್ಲ. ಹಾಗಾಗಿ ಇಲ್ಲಿ ನನ್ನನ್ನು ಗೀಚು ಎಂದು ಕರೆದರು. ನನಗೂ ಅದೇ ಒಗ್ಗಿದೆ.

ನನ್ನನ್ನು ಹುಟ್ಟಿಸಿದವರು ಜಾಣರು, ಆದರೆ ಅವರ ಲೋಕ ಚಿಕ್ಕದು. ಅಕ್ಷರವೆಂದರೆ ಇಪ್ಪತ್ತಾರು, ಅದರ ಮೇಲೊಂದಿಷ್ಟು ಚುಕ್ಕಿ ಗೆರೆ, ಮುಗಿಯಿತು ಎಂದು ನಂಬಿದ್ದರು. ಒಂದೊಂದು ಅಕ್ಷರಕ್ಕೂ ಒಂದು ಅಂಕಿ ಕೊಟ್ಟು ನನ್ನ ಕೈಗಿಟ್ಟರು. ಆದರೂ ಅವರನ್ನು ಬೈಯುವ ಹಾಗಿಲ್ಲ, ಏಕೆಂದರೆ ನನ್ನ ಹೊಟ್ಟೆಯೊಳಗೆ ಒಂದು ಪುಟ್ಟ ಭಾಷೆಯನ್ನೂ ಇಟ್ಟಿದ್ದರು. ಆ ಭಾಷೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ನಾನು ಹೊಸ ವಿದ್ಯೆ ಕಲಿಯುತ್ತೇನೆ. ಕಲಿಸುವವರು ಬೇಕು, ಅಷ್ಟೇ.

ಒಂದು ಸತ್ಯ ಹೇಳಿಬಿಡುತ್ತೇನೆ. ನಾನು ಇವತ್ತಿನವರೆಗೆ ಒಂದು ಅಕ್ಷರವನ್ನೂ ಕಂಡಿಲ್ಲ. ನನಗೆ ಬರುವುದು ಬರೀ ಅಂಕಿ. ಅರವತ್ತೈದು ಬಂದರೆ ಇಂಥ ಅಕ್ಷರ ತೋರಿಸು ಎಂದು ಯಾರೋ ಹೇಳಿರುತ್ತಾರೆ, ತೋರಿಸುತ್ತೇನೆ. ಬೇರೆ ಯಾರೋ ಅದೇ ಅಂಕಿಗೆ ಬೇರೆ ಅಕ್ಷರ ಎಂದು ಒಪ್ಪಂದ ಮಾಡಿಕೊಂಡಿದ್ದರೆ ನನಗೆ ಹೇಗೆ ಗೊತ್ತಾಗಬೇಕು? ಕಡತದ ಹಣೆಯ ಮೇಲೆ ಬರೆದಿರುವುದಿಲ್ಲ. ಊಹಿಸಬೇಕು. ಈ ಊಹೆಯ ಆಟ ನನಗೆ ಬಲು ಇಷ್ಟ.

ಗದಗಿಗೆ ನನ್ನನ್ನು ತಂದವರು ಸುಲೋಚನಾ ಕವಳಿಕಾಯಿ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದರು. ಬೆರಳು ಜೋರು, ಮಾತು ಕಡಿಮೆ. ಅವರ ಮನೆಯ ಕಂಪ್ಯೂಟರಿನಲ್ಲಿ ನಾನು ವರ್ಷಗಟ್ಟಲೆ ಬಾಳಿದೆ. ಯಂತ್ರ ಬದಲಾದಾಗಲೆಲ್ಲ ಮನೆ ಬದಲಿಸುವವರು ಅಡುಗೆ ಪಾತ್ರೆ ಸಾಗಿಸುವಂತೆ ನನ್ನನ್ನೂ ಹೊಸ ಯಂತ್ರಕ್ಕೆ ಸಾಗಿಸಿದರು. ಈ ನಡುವೆ ಲೋಕದ ಲಿಪಿಗಳಿಗೆಲ್ಲ ಸೇರಿ ಒಂದೇ ದೊಡ್ಡ ಅಂಕಿಪಟ್ಟಿ ಬಂತು. ಕನ್ನಡಕ್ಕೂ ಅದರಲ್ಲಿ ಸ್ವಂತ ಓಣಿ ಸಿಕ್ಕಿತು. ಸುಲೋಚನಾ ಅದನ್ನು ನನಗೆ ಕಲಿಸಿದ ದಿನ ನಾನು ಬೆರಗಾದೆ. ತೆರೆಯ ಮೇಲೆ ಒಂದೇ ಗಂಟಾಗಿ ಕೂತ ಒತ್ತಕ್ಷರ ಒಳಗೆ ಮೂರು ಅಂಕಿ! ಇವರ ಭಾಷೆಯಲ್ಲೇ ಕೂಡು ಕುಟುಂಬ ಇದೆಯಲ್ಲ ಅಂದುಕೊಂಡೆ.

ಒಂದು ಬೆಳಿಗ್ಗೆ ಅವರ ಮನೆಗೆ ತಬಲಾ ಮಾಸ್ತರ ಗುರುಬಸಯ್ಯ ಬಂದರು. ಹುಟ್ಟುಕುರುಡರು. ಜೇಬಿನಿಂದ ಒಂದು ಹಳೆಯ ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟರು.

"ಬಾಯಾರ, ಇದರಾಗ ನಮ್ಮ ನೀಲವ್ವನ ಪುಸ್ತಕ ಐತ್ರಿ," ಎಂದರು. "ಇದ್ದದ್ದು ಎರಡು. ಒಂದು ಹೋತು. ಇದೊಂದ ಉಳದೈತಿ."

ನೀಲವ್ವ ಅವರ ಹೆಂಡತಿ. ಆಕೆಗೂ ಕಣ್ಣಿರಲಿಲ್ಲ. ಕುರುಡು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಕಲಿಸುತ್ತಿದ್ದರು. ಎಣ್ಣೆ ಕಾದದ್ದು ಕಿವಿಗೆ ಹೇಗೆ ತಿಳಿಯುತ್ತದೆ, ಅನ್ನ ಬೆಂದದ್ದು ಮೂಗಿಗೆ ಹೇಗೆ ತಿಳಿಯುತ್ತದೆ, ಇದನ್ನೆಲ್ಲ ಬಾಯಲ್ಲಿ ಹೇಳಿ ಒಂದು ಡಿಟಿಪಿ ಅಂಗಡಿಯಲ್ಲಿ ಪುಸ್ತಕ ಮಾಡಿಸಿದ್ದರು. ಅಚ್ಚಾಗುವ ಮೊದಲೇ ನೀಲವ್ವ ತೀರಿಕೊಂಡರು, ಅಂಗಡಿಯೂ ಮುಚ್ಚಿತು. ಈಗ ಬ್ರೈಲ್ ಮುದ್ರಣದವರು ಕಡತ ಕೊಟ್ಟರೆ ಅಚ್ಚು ಮಾಡುತ್ತೇವೆ ಎಂದಿದ್ದರು. ಹಾಸ್ಟೆಲಿನ ಹುಡುಗಿಯರು ಕಾಯುತ್ತಿದ್ದರು. ಮಾಸ್ತರರು ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದರು.

ಮೊದಲ ಫ್ಲಾಪಿಯನ್ನು ಅವರು ಕಂಪ್ಯೂಟರ್ ರಿಪೇರಿಯ ಮಹಾಂತೇಶನಿಗೆ ಕೊಟ್ಟಿದ್ದರಂತೆ. ಅವನು ತೆರೆದದ್ದು ಬೇರೊಂದು ತಂತ್ರಾಂಶದಲ್ಲಿ. ಕಡತ ಉಳಿಸಿ ಮುಚ್ಚುವಾಗ ಅದು, 'ಕೆಲವು ಅಕ್ಷರ ಉಳಿಯುವುದಿಲ್ಲ, ಸರಿಯೇ?' ಎಂದು ವಿನಯದಿಂದ ಕೇಳಿತು. ಹೊಸ ಯಂತ್ರ ಏನು ಕೇಳಿದರೂ ಹೌದು ಎನ್ನುವುದು ನಮ್ಮೂರ ಪದ್ಧತಿ. ಮಹಾಂತೇಶ ಹೌದು ಒತ್ತಿದ. ನೀಲವ್ವನ ಪುಸ್ತಕದ ಮುಕ್ಕಾಲು ಪಾಲು ಪ್ರಶ್ನಾರ್ಥಕ ಚಿಹ್ನೆಯಾಗಿ ಕೂತಿತು. ಒಮ್ಮೆ ಹಾಗಾದ ಮೇಲೆ ಹಿಂದಿನ ಅಂಕಿ ಬ್ರಹ್ಮನಿಗೂ ಸಿಗುವುದಿಲ್ಲ.

ಸುಲೋಚನಾ ಹುಷಾರು. "ಗೀಚು, ಊಹೆ ಗೀಹೆ ಬ್ಯಾಡ. ಇದ್ದದ್ದ ಇದ್ದಂಗ ತೋರಸು," ಎನ್ನುವ ಅರ್ಥದ ಆಜ್ಞೆ ಕೊಟ್ಟೇ ಎರಡನೆಯದನ್ನು ತೆರೆದರು. ತೆರೆಯ ತುಂಬ ಇಂಗ್ಲಿಷ್ ಅಕ್ಷರ, ಡಾಲರು, ಆವರಣ ಚಿಹ್ನೆ, ಹೆಸರಿಲ್ಲದ ಅಂಕಿ, ಎಲ್ಲದರ ಕಲಸುಮೇಲೋಗರ. ತೆರೆಯ ಮೇಲಿನದನ್ನು ದನಿಯಲ್ಲಿ ಹೇಳುವ ಮಾತಾಡುವ ತಂತ್ರಾಂಶವೊಂದು ಅದೇ ಯಂತ್ರದಲ್ಲಿತ್ತು. ಅದು ಇದನ್ನು ಓದಿದಾಗ ಮಾಸ್ತರರ ಮುಖ ಇಳಿದುಹೋಯಿತು.

ನಡೆದದ್ದು ಇಷ್ಟು. ಆ ಕಾಲದ ಡಿಟಿಪಿಯವರಿಗೆ ಕನ್ನಡದ ಅಂಕಿಗಳು ಇರಲಿಲ್ಲ. ಇಂಗ್ಲಿಷಿನ ಅಂಕಿಗಳಿಗೇ ಕನ್ನಡದ ವೇಷ ಹಾಕಿಸಿ ಕುಣಿಸುತ್ತಿದ್ದರು. ವೇಷ ಇದ್ದದ್ದು ಅಂಗಡಿಯ ಫಾಂಟಿನಲ್ಲಿ. ಫಾಂಟು ಅಂಗಡಿಯ ಜೊತೆ ಮಣ್ಣುಪಾಲಾಗಿತ್ತು. ಯಾವ ಅಂಕಿ ಯಾವ ಅಕ್ಷರವೆಂದು ಹೇಳುವವರು ಯಾರೂ ಉಳಿದಿರಲಿಲ್ಲ.

"ಮಾಸ್ತರ, ಇದರಾಗ ಏನಿತ್ತಂತ ಒಂದೀಟರೆ ನೆನಪೈತೇನ್ರಿ?" ಎಂದು ಸುಲೋಚನಾ ಕೇಳಿದರು.

"ಅಕಿದು ನನಗ ಬರೂದಿಲ್ರಿ. ಮುನ್ನುಡಿ ಮಾತ್ರ ನಂದು. ಅದು ಬಾಯಿಪಾಠ ಐತಿ."

"ಪೂರಾ?"

"ಒಮ್ಮಿ ಕೂಡಿಸಿದ ತಬಲಾದ ಬೋಲು ನಾ ಮರಿಯೂದಿಲ್ರಿ."

ಅವರು ಒಂದೇ ಸಮನೆ ಹೇಳುತ್ತ ಹೋದರು, ಸುಲೋಚನಾ ಹೊಸ ಅಂಕಿಗಳಲ್ಲಿ ಟೈಪು ಮಾಡಿದರು. ಆಮೇಲೆ ನನ್ನ ಹೊಟ್ಟೆಯ ಭಾಷೆಯಲ್ಲಿ ಒಂದಿಷ್ಟು ಸಾಲು ಬರೆದರು. ಒಂದು ಕಡೆ ಮಾಸ್ತರರ ಮಾತು, ಇನ್ನೊಂದು ಕಡೆ ಕಲಸುಮೇಲೋಗರ. ಎರಡನ್ನೂ ಪಕ್ಕಪಕ್ಕ ಇಟ್ಟು ಹೊಂದಿಸಬೇಕು. ಅಬ್ಬಾ, ಎಂಥ ಮಜಾ! ಹಳಬರು ಒಂದು ಅಕ್ಷರವನ್ನು ತುಂಡು ತುಂಡಾಗಿ ಇಟ್ಟಿದ್ದರು. ತಲೆಕಟ್ಟು ಒಂದು ಅಂಕಿ, ಕೊಂಬು ಇನ್ನೊಂದು, ಒತ್ತು ಮತ್ತೊಂದು. ನಾನು ತುಂಡು ಜೋಡಿಸಿದೆ. ತಪ್ಪಿದಲ್ಲಿ ಸುಲೋಚನಾ ಸಾಲು ತಿದ್ದಿದರು. ಇಂಥ ದಿನಗಳು ಹಲವು ಕಳೆದವು. ಕೊನೆಗೆ ಮುನ್ನುಡಿ ಪೂರ್ತಿ ಬಿಚ್ಚಿಕೊಂಡಿತು, ಅದರ ಕೀಲಿಯಿಂದಲೇ ನೀಲವ್ವನ ಅಡುಗೆಮನೆಯ ಬಾಗಿಲೂ ತೆರೆಯಿತು.

ಆದರೆ ಒಂದು ಅಂಕಿ ಮಾತ್ರ ಮೊಂಡು ಹಿಡಿಯಿತು. ಮುನ್ನುಡಿಯಲ್ಲಿ ಅದು ಎಲ್ಲೂ ಇರಲಿಲ್ಲ. 'ಎಣ್ಣೆಗೆ ಹಿಟ್ಟಿನ ಹನಿ ಬಿಟ್ಟಾಗ' ಎಂದು ಬಂದು, ಮುಂದೆ ಖಾಲಿ ಚೌಕ, ಅದಕ್ಕೊಂದು ಕೊಂಬು, ಒಂದು ಸೊನ್ನೆ, ಆಮೇಲೆ 'ಯ್ ಅಂದರೆ ಕಾದಂತೆ'.

"ಚುಂಯ್ ಇರಬೇಕು," ಎಂದರು ಸುಲೋಚನಾ.

"ಚ ನಿಮಗ ಸಿಕ್ಕೈತಲ್ರಿ ಆಗಲೇ," ಎಂದರು ಮಾಸ್ತರರು. "ಒಲಿ ಹಚ್ರಿ. ಕೇಳೇ ಬಿಡೂಣು."

ಅಡುಗೆಮನೆ ಪಕ್ಕದಲ್ಲೇ. ಬಾಣಲೆ ಇಟ್ಟರು. ಇಬ್ಬರೂ ಉಸಿರು ಹಿಡಿದು ನಿಂತರು. ಹನಿ ಬಿತ್ತು. ಮಾಸ್ತರರ ಮುಖ ಅರಳಿತು.

"ಝುಂಯ್. ಝ ಹಾಕ್ರಿ."

ಹಾಕಿದರು. ಪುಸ್ತಕದ ಉಳಿದ ಝಗಳೆಲ್ಲ ಒಮ್ಮೆಲೇ ತಮ್ಮ ತಮ್ಮ ಜಾಗದಲ್ಲಿ ಕೂತವು. ಅಂಕಿ ಮಾತ್ರ ಬಲ್ಲ ನಾನು, ಕಿವಿ ಮಾತ್ರ ಇರುವ ಅವರು, ಇಬ್ಬರೂ ಸೇರಿ ಒಂದು ಅಕ್ಷರ ಹಿಡಿದೆವು. ಅವತ್ತಿನಷ್ಟು ಸಂತೋಷ ನನಗೆ ಇನ್ನೆಂದೂ ಆಗಿಲ್ಲ.

ಮರುದಿನ ಮಾತಾಡುವ ತಂತ್ರಾಂಶ ಪುಸ್ತಕವನ್ನು ಮೊದಲಿಂದ ಓದಿತು. ಅದರ ದನಿ ಒಣಕಲು, ಮುದ್ದೆಗೂ ಮುಪ್ಪಿಗೂ ಒಂದೇ ರಾಗ. ಮಾಸ್ತರರು ತೊಡೆಯ ಮೇಲೆ ಬೆರಳಾಡಿಸುತ್ತ ಕೇಳಿದರು. ರೊಟ್ಟಿಯ ಅಧ್ಯಾಯ ಬಂತು.

"ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು. ಬೆರಳಿಗೆ ಅಂಟಬಾರದು. ತಡಿಯವ್ವಾ, ನಮ್ಮವರು ಬಂದ್ರು ಕಾಣಸ್ತೈತಿ, ಕೋಲಿನ ಸಪ್ಪಳಾ. ಹಗಲೆಲ್ಲಾ ತಬಲಾ ಬಡದು ಬೆರಳು ನೊಂದಿರ್ತಾವು ಪಾಪ. ಚಹಾ ಕುಡಿಸಿ ಕರಕೊಂಡ ಹೋಗ್ತೇನಿ. ಇದನ್ನ ಬರಿಬ್ಯಾಡ ಮತ್ತ. ಬಡಿಯುವಾಗ ರೊಟ್ಟಿ ತಿರುಗುವ ಸಪ್ಪಳ ಕೇಳಬೇಕು."

ಅಂಗಡಿಯ ಟೈಪಿಸ್ಟ್ ಹುಡುಗಿ ಹೊಸಬಳಿರಬೇಕು. ಕಿವಿಗೆ ಬಿದ್ದದ್ದನ್ನೆಲ್ಲ ಒತ್ತಿದ್ದಳು, ಬರೆಯಬೇಡ ಎಂದದ್ದನ್ನೂ ಬರೆದಿದ್ದಳು. ಕರಡು ತಿದ್ದುವಾಗ ತೆಗೆಯಬೇಕಿತ್ತು. ತಿದ್ದುವ ದಿನ ಬರಲೇ ಇಲ್ಲ.

ಮಾಸ್ತರರ ಬೆರಳು ನಿಂತಿತು. ಸುಲೋಚನಾ ತಂತ್ರಾಂಶವನ್ನು ನಿಲ್ಲಿಸಿದರು. ಮೆಲ್ಲಗೆ ಕೇಳಿದರು, "ಈ ಸಾಲು ತಗೀಲೇನ್ರಿ?"

"ಬ್ಯಾಡ್ರಿ." ಅವರು ಕಣ್ಣೊರೆಸಿಕೊಂಡರು. "ಹುಡುಗ್ಯಾರು ಓದ್ಲಿ. ಅಡಗಿ ಅಂದ್ರ ಅದೂ ಬರತೈತಿ."

ಪುಸ್ತಕ ಬ್ರೈಲಿನಲ್ಲಿ ಬಂತು. ಈಗ ನನಗೆ ವಯಸ್ಸಾಗಿದೆ. ಸುಲೋಚನಾ ನಿವೃತ್ತರಾದರು, ಅವರ ಹೊಸ ಯಂತ್ರದಲ್ಲಿ ಥಳುಕಿನ ತಂತ್ರಾಂಶಗಳಿವೆ. ನಾನಿರುವ ಹಳೆಯ ಯಂತ್ರ ಕಿಟಕಿಯ ಪಕ್ಕದ ಮೂಲೆಯಲ್ಲಿದೆ. ಯಾರ ಮನೆಯಲ್ಲಾದರೂ ಬಿಚ್ಚಲಾಗದ ಹಳೆಯ ಕಡತ ಸಿಕ್ಕಾಗ ಮಾತ್ರ ಧೂಳು ಒರೆಸಿ ಎಬ್ಬಿಸುತ್ತಾರೆ. ಒಳಗೆ ಯಾರಿದ್ದಾರೋ ಎಂಬ ಕುತೂಹಲ ನನಗೆ ಇನ್ನೂ ಸತ್ತಿಲ್ಲ.

ಮೊನ್ನೆ ಮಾಸ್ತರರು ಬಂದು ಇದೇ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ದಪ್ಪ ಬ್ರೈಲ್ ಪುಸ್ತಕ. ಸುಲೋಚನಾ ಒಳಗಿದ್ದರು. ಬೆರಳು ಸಾಲಿನ ಮೇಲೆ ಸರಿಯುತ್ತ ರೊಟ್ಟಿಯ ಅಧ್ಯಾಯಕ್ಕೆ ಬಂತು, 'ನಮ್ಮವರು ಬಂದ್ರು' ಎಂಬಲ್ಲಿ ನಿಂತಿತು. ಅವರು ಸುತ್ತ ಯಾರೂ ಇಲ್ಲವೆಂದು ಕಿವಿಗೊಟ್ಟು ಖಾತ್ರಿ ಮಾಡಿಕೊಂಡರು. ನನ್ನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಹೂಂ, ನಾನ ಬಂದೇನಿ," ಎಂದರು.