ಬಾಲ ಇದ್ದ ಅಕ್ಷರ

ಬಶೀರನ ಬಲಗೈ ಮುರಿದದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಪಾಪದವನು ಅಂದುಕೊಳ್ಳುವುದು ಬೇಡ. ಟ್ರಾಲಿ ಜಾರಲಿಲ್ಲ, ಪೆಟ್ಟಿಗೆ ಬೀಳಲಿಲ್ಲ. ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆಯ ಹಿಂಬದಿಯಿಂದ, ಹಗಲು ಹನ್ನೊಂದು ಗಂಟೆಗೆ, ಮಂಗಳೂರು ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ನಮ್ಮ ಶೆಡ್ಡಿನಲ್ಲಿ, ಉಳಿದ ನಾಲ್ಕು ಜನ ನೋಡುತ್ತಿರುವಾಗಲೇ ಹೊಡೆದೆ. ಎರಡು ಸಲ. ಮೂಳೆಯ ಸದ್ದು ಮೊದಲನೆಯ ಪೆಟ್ಟಿಗೇ ಕೇಳಿತ್ತು.

ನನ್ನ ಹೆಸರು ಬೊನಿಫಾಸ್, ಮನೆ ಬಿಜೈಯಲ್ಲಿ. ಸ್ಟೇಷನ್ನಿನಲ್ಲಿ ನನ್ನನ್ನು ಕರೆಯುವುದು ಬೆಚ್ಚ ಮಂಡೆಯ ಬೋನಿ ಎಂದು. ಸಿಟ್ಟು ಬಂದರೆ ನನ್ನದು ಕೈ ಮುಂದೆ, ಮಾತು ಹಿಂದೆ. ಇಪ್ಪತ್ತಾರು ವರ್ಷ ಇದನ್ನೊಂದು ಬಿರುದಿನಂತೆ ಹೊತ್ತು ತಿರುಗಿದ್ದೇನೆ, ನಾಚಿಕೆ ಇಲ್ಲದವನು. ಕೆಲಸ ಲೆಸ್ಟರ್ ಸರ್ ಹತ್ತಿರ. ಮಧ್ಯಾಹ್ನದ ಮುಂಬೈ ಗಾಡಿಯ ಲಗೇಜ್ ಡಬ್ಬಿಯಲ್ಲಿ ಅವರು ಜಾಗ ಗುತ್ತಿಗೆ ಹಿಡಿದಿದ್ದರು. ಇಲ್ಲಿಂದ ಗೋವದ ಮಡಗಾಂವಿಗೆ ಮೀನು, ಬೀಡಿ, ಮೋಟಾರಿನ ಬಿಡಿಭಾಗ. ಅಲ್ಲಿಂದ ಇಲ್ಲಿಗೆ ಔಷಧ, ಬಟ್ಟೆ, ಕೆಲವೊಮ್ಮೆ ಸಿಗಡಿ. ಎರಡೇ ಊರು, ಮೂರನೆಯದಿಲ್ಲ. ಎತ್ತುವವರು ಐದು ಜನ, ಬರೆಯುವವನು ನಾನೊಬ್ಬ.

ಪ್ರತಿ ಪಾರ್ಸೆಲಿನ ಮೇಲೆ ಕಪ್ಪು ಬಣ್ಣದಲ್ಲಿ, ಬ್ರಶ್ಶಿನಿಂದ, ಮೊದಲು ಹೊರಟ ಸ್ಟೇಷನ್ನಿನ ಇಂಗ್ಲಿಷ್ ಅಕ್ಷರ, ನಡುವೆ ಒಂದು ಗೀಟು, ಆಮೇಲೆ ಮುಟ್ಟುವ ಸ್ಟೇಷನ್ನಿನ ಅಕ್ಷರ. ಇದು ನನ್ನ ಕೆಲಸ. ಮಂಗಳೂರು ಸೆಂಟ್ರಲ್ ಅಂದರೆ ಎಂ, ಎ, ಕ್ಯೂ. ಮಡಗಾಂವ್ ಅಂದರೆ ಎಂ, ಎ, ಓ. ಓ ಅಂದರೆ ಒಂದು ಸೊನ್ನೆ. ಅದೇ ಸೊನ್ನೆಗೆ ಕೆಳಗೊಂದು ಬಾಲ ಎಳೆದರೆ ಕ್ಯೂ. ನಮ್ಮ ಊರಿಗೂ ಅವರ ಊರಿಗೂ ಕಾಗದದ ಮೇಲೆ ಇರುವ ವ್ಯತ್ಯಾಸ ಆ ಬಾಲವೊಂದೇ.

ತೊಕ್ಕೊಟ್ಟಿನ ಬಶೀರ್ ನಮ್ಮ ಗುಂಪಿನ ಹಿರಿಯ ಹಮಾಲಿ, ಹೆಚ್ಚುಕಡಿಮೆ ನನ್ನದೇ ಪ್ರಾಯ. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಹೇಳಿಕೊಟ್ಟಿದ್ದೆ: "ಕೊನೇ ಅಕ್ಷರ ಮಾತ್ರ ನೋಡು ಮಾರಾಯ. ಬಾಲ ಉಂಟಾ, ಅದು ಇಲ್ಲಿಗೆ ಬಂದದ್ದು, ಹಿಂದಿನ ಕೋಣೆಗೆ ಹಾಕು. ಬಾಲ ಇಲ್ವಾ, ಗೋವಕ್ಕೆ ಹೋಗುವುದು, ಗಾಡಿಗೆ ಹಾಕು." ಹದಿನೆಂಟು ವರ್ಷದಲ್ಲಿ ಅವನು ಒಂದು ಪಾರ್ಸೆಲನ್ನೂ ಆಚೀಚೆ ಮಾಡಿದವನಲ್ಲ.

ಹೊಡೆದದ್ದರ ಹಿಂದಿನ ದಿನ, ಮಂಗಳವಾರ, ಗೋವಕ್ಕೆ ಕಳಿಸಲು ಎಂಟು ಥರ್ಮಾಕೋಲ್ ಪೆಟ್ಟಿಗೆ ಅಂಜಲ್ ಮೀನು ಬಂದಿತ್ತು. ಮಡಗಾಂವಿನ ವ್ಯಾಪಾರಿ ಕಜೆಟನ್ ತರಿಸಿದ್ದು, ಮರುದಿನ ಅವನ ಮಗಳ ಮದುವೆ ಊಟಕ್ಕೆ. "ಇದೊಂದು ತಪ್ಪಬಾರದು ಬೊನಿಫಾಸ್," ಎಂದು ಲೆಸ್ಟರ್ ಸರ್ ಬೆಳಿಗ್ಗೆಯೇ ಎರಡು ಸಲ ಹೇಳಿದ್ದರು. ನಾನು ಒಂದು ಕೈಯಲ್ಲಿ ಬ್ರಶ್ಶು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಬರೆಯುತ್ತಿದ್ದೆ. ಆ ಕಡೆ ಬಲ್ಮಠದ ಸ್ಕೂಟರ್ ಮೆಕ್ಯಾನಿಕ್. ಮೂರು ವಾರದಿಂದ ನನ್ನ ಸ್ಕೂಟರ್ ಬಿಚ್ಚಿಟ್ಟು ನಾಳೆ ನಾಳೆ ಅನ್ನುತ್ತಿದ್ದ ಬೇವರ್ಸಿ. ನಾನು ಹಾಕಿದ ಬೊಬ್ಬೆಗೆ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದವರು ತಿರುಗಿ ನೋಡಿದರು. ನಡುವೆ ಬಶೀರ್ ಹತ್ತಿರ ಬಂದು ಏನೋ ಕೇಳಿದ. ಕಿವಿಗೆ ಬಿತ್ತು, ಮಂಡೆಗೆ ಹೋಗಲಿಲ್ಲ. "ಬರೆದದ್ದು ನೋಡಿ ಮಾಡು! ನೀನು ಮಂಡೆ ಓಡಿಸ್ಬೇಡ!" ಎಂದು ಅವನ ಮೇಲೂ ಹರಿಹಾಯ್ದೆ. ಅವನು ಒಂದು ಪೆಟ್ಟಿಗೆ ಹೊತ್ತುಕೊಂಡು ಹೋದ.

ಬುಧವಾರ ಹತ್ತೂವರೆಗೆ ಲೆಸ್ಟರ್ ಸರ್ ಕಾರಿನಿಂದ ಇಳಿದ ರೀತಿಯಲ್ಲೇ ಏನೋ ಆಗಿದೆ ಎಂದು ಗೊತ್ತಾಯಿತು. ಮಡಗಾಂವಿನಲ್ಲಿ ಮೀನು ಇಳಿದಿರಲಿಲ್ಲ. ಕಜೆಟನ್ ಫೋನಿನಲ್ಲಿ ಅವರ ತಾಯಿ ತಂದೆಯನ್ನೆಲ್ಲ ಎಳೆದು ಬೈದಿದ್ದ. ಅಷ್ಟರಲ್ಲಿ ಹಿಂದಿನ ಕೋಣೆಯ ಬಾಗಿಲಿನ ಅಡಿಯಿಂದ ಕೆಂಪು ನೀರು ಹರಿದು ಬರುತ್ತಿದ್ದುದನ್ನು ವಾಮನ ತೋರಿಸಿದ. ವಾಮನ ನಮ್ಮ ಹಮಾಲಿಗಳಲ್ಲಿ ಅತಿ ಗಟ್ಟಿಗ. ಬಾಗಿಲು ತೆಗೆದರೆ ಎಂಟೂ ಪೆಟ್ಟಿಗೆ ಗೋಡೆಗೆ ಮುಖ ಮಾಡಿ ಒಂದರ ಮೇಲೊಂದು ಕೂತಿವೆ. ಸೆಕೆಗೆ ಐಸು ಕರಗಿ ಮೀನು ನಾರುತ್ತಿತ್ತು. ಲೆಸ್ಟರ್ ಸರ್ ಒಳಗೆ ಕಾಲಿಡಲಿಲ್ಲ, ಮೂಗಿಗೆ ಕರವಸ್ತ್ರ ಒತ್ತಿ ಬಾಗಿಲಲ್ಲೇ ನಿಂತರು.

"ಯಾರು ಇಟ್ಟದ್ದು ಇಲ್ಲಿ? ಹೇಳಿ! ಬಜ್ಪೆ ಏರ್‌ಪೋರ್ಟಿನಲ್ಲಿ ನಾನು ಕಳಿಸುವ ಮಲ್ಲಿಗೆ ದಿನಾ ವಿಮಾನ ಹತ್ತುತ್ತದೆ. ಒಂದು ಸ್ಟಿಕ್ಕರ್, ಒಂದು ಮೆಷಿನ್, ಟಿಕ್ ಅಂತ ಓದ್ತದೆ, ದುಬೈಯಲ್ಲಿ ಇಳೀತದೆ. ಇಲ್ಲಿ ಆರು ಜನ ಇದ್ದು ಎಂಟು ಪೆಟ್ಟಿಗೆ ಗೋವ ಮುಟ್ಟುವುದಿಲ್ಲ! ಇದನ್ನು ಮಾಡಿದವನು ಇನ್ನು ಈ ಶೆಡ್ಡಿಗೆ ಕಾಲಿಡಬಾರದು. ಹೆಸರು ಹೇಳದಿದ್ರೆ ಆರು ಜನವೂ ಮನೆಗೆ ಹೋಗಿ."

"ನಾನೇ ಇಟ್ಟದ್ದು ಸರ್," ಎಂದ ಬಶೀರ್. "ನಾನು ಬಾಲ ನೋಡಿಯೇ..."

ಮುಂದಿನ ಮಾತು ನಾನು ಕೇಳಲಿಲ್ಲ. ನನಗೆ ನೆನಪಾದದ್ದು ಸೋಮವಾರ. ಬಾಟಲಿ ಪೆಟ್ಟಿಗೆ ಒಡೆದದ್ದಕ್ಕೆ ಎಲ್ಲರ ಎದುರು ಅವನ ಕೆನ್ನೆಗೆ ಬಾರಿಸಿದ್ದೆ, "ಆಯ್ತು ಬೋನಿ, ನೋಡುವ" ಎಂದಿದ್ದ. ನೋಡುವ ಅಂದದ್ದು ಇದನ್ನೇ, ನನ್ನ ಮೇಲಿನ ಹಗೆಗೆ ಆರು ಮನೆಯ ಅನ್ನಕ್ಕೆ ಕಲ್ಲು ಹಾಕಿದ್ದಾನೆ ಅಂದುಕೊಂಡೆ. ಅಂದುಕೊಳ್ಳುವಷ್ಟರಲ್ಲಿ ನನ್ನ ಮುಷ್ಟಿ ಅವನ ಬಾಯಿಗೆ ಬಿದ್ದಾಗಿತ್ತು.

ಅವನೇನು ಸುಮ್ಮನೆ ಪೆಟ್ಟು ತಿನ್ನುವವನಲ್ಲ. ನನ್ನ ಸೊಂಟ ಹಿಡಿದು ಎತ್ತಿ ತೂಕದ ಯಂತ್ರದ ಮೇಲೆ ಕುಕ್ಕಿದ. ಬೆನ್ನು ಚಳಕ್ಕೆಂದಿತು. ಎದೆಯ ಮೇಲೆ ಮೊಣಕಾಲು ಊರಿ ಎರಡು ಕೊಟ್ಟ, ನನ್ನ ಮುಂದಿನ ಹಲ್ಲು ಗಂಟಲಿಗೆ ಹೋಯಿತು. "ಮೊದಲು ಕೇಳು! ಒಮ್ಮೆ ಕೇಳು ಮಾರಾಯ!" ಎಂದು ಮುಖದ ಮೇಲೆ ಕೂಗುತ್ತಿದ್ದ. ನಾನು ಅವನ ಕಿವಿ ಕಚ್ಚಿದೆ. ಅವನು ಕೈ ಸಡಿಲಿಸಿದ. ಗೋಡೆಯ ಮೊಳೆಯಲ್ಲಿ ಕೊಕ್ಕೆ ನೇತಾಡುತ್ತಿತ್ತು.

ಬಶೀರ್ ತಲೆಗೆ ಅಡ್ಡವಾಗಿ ಬಲಗೈ ಹಿಡಿದ. ಮೊದಲ ಪೆಟ್ಟಿಗೆ ಮೊಣಕೈಯ ಕೆಳಗೆ ಕೈ ಬಾಗಬಾರದ ಕಡೆ ಬಾಗಿತು. ಆಗ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎರಡನೆಯದಕ್ಕೆ ಅವನು ಕೂಗಲೂ ಇಲ್ಲ, ಮೀನಿನ ನೀರಿನಲ್ಲಿ ಕುಸಿದು ಕೂತು ತನ್ನ ಕೈಯನ್ನೇ ನೋಡುತ್ತಿದ್ದ. ವಾಮನ ನನ್ನ ಕುತ್ತಿಗೆ ಹಿಡಿದು ಎಳೆದು ಹಾಕಿದ. ಇಬ್ಬರು ಬಶೀರನನ್ನು ರಿಕ್ಷಾಕ್ಕೆ ಹಾಕಿಕೊಂಡು ಹೋದರು. ಲೆಸ್ಟರ್ ಸರ್ ಕರವಸ್ತ್ರ ಮಡಚಿ ಜೇಬಿಗಿಟ್ಟು, "ಸರಿ, ಹೆಸರು ಸಿಕ್ಕಿತಲ್ಲ. ಆ ದರಿದ್ರವನ್ನು ಎತ್ತಿ ಹೊರಗೆ ಹಾಕಿ," ಎಂದು ಆಫೀಸಿಗೆ ಹೋದರು.

ಸ್ವಲ್ಪ ಹೊತ್ತಿಗೆ ತೆರೆಸಾಳ ಫೋನು ಬಂತು. ತೆರೆಸಾ ನನ್ನ ಹೆಂಡತಿ, ಬಶೀರನನ್ನು ಒಯ್ದ ಆಸ್ಪತ್ರೆಯಲ್ಲೇ ನರ್ಸು.

"ಎರಡೂ ಎಲುಬು ಹೋಗಿದೆ. ಪ್ಲೇಟ್ ಹಾಕ್ಬೇಕು. ಇನ್ನು ಭಾರ ಎತ್ತುವುದು ಕಷ್ಟ ಅಂತ ಡಾಕ್ಟರ್ ಹೇಳ್ತಾರೆ. ಟ್ರಾಲಿಯಿಂದ ಬಿದ್ದೆ ಅಂತ ಬಶೀರ್ ಬರೆಸಿದ್ದಾನೆ. ದೇವಾ, ನಾನು ಇಷ್ಟು ವರ್ಷ ನಿನ್ನ ಜೊತೆ ಇದ್ದವಳು, ನನಗೆ ಕಾಣುವುದಿಲ್ವಾ? ಅದು ನಿನ್ನ ಪೆಟ್ಟು."

"ಅವನು ಎಂತ ಮಾಡಿದ ಅಂತ ಗೊತ್ತುಂಟಾ ನಿನಗೆ?"

"ನಿನಗೆ ಗೊತ್ತುಂಟಾ?" ಎಂದು ಕೇಳಿ ಫೋನಿಟ್ಟಳು.

ಆ ಸಿಟ್ಟಿನಲ್ಲೇ ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆಗಳಿಗೆ ಒದೆಯತೊಡಗಿದೆ. ಮೊದಲನೆಯದು ಒಡೆದು ಅಂಜಲ್ ಕಾಲಿನ ಮೇಲೆ ಜಾರಿ ಬಿತ್ತು. ಎರಡನೆಯದನ್ನು ಎಳೆದು ತಿರುಗಿಸಿದೆ, ಒದೆಯಲು ಕಾಲೆತ್ತಿದವನು ಹಾಗೇ ನಿಂತೆ. ಪೆಟ್ಟಿಗೆಯ ಮೇಲೆ ನನ್ನದೇ ಅಕ್ಷರ, ದಪ್ಪಕ್ಕೆ, ಚಂದಕ್ಕೆ. ಎಂ ಎ ಓ, ಗೀಟು, ಎಂ ಎ ಕ್ಯೂ. ಬಾಲ ಇರಬೇಕಾದಲ್ಲಿ ಇರಲಿಲ್ಲ, ಇರಬಾರದಲ್ಲಿ ಇತ್ತು. ಮಡಗಾಂವಿನಿಂದ ಹೊರಟು ಮಂಗಳೂರಿಗೆ ಬಂದ ಮೀನು ಎಂದು ಬರೆದಿದ್ದೆ. ಮೂರನೆಯದನ್ನು ತಿರುಗಿಸಿದೆ, ನಾಲ್ಕನೆಯದನ್ನು ತಿರುಗಿಸಿದೆ. ಒಮ್ಮೆ ಕೈ ತಪ್ಪಿ ಎಂಟಕ್ಕೂ ಹಾಗೇ ಎಳೆದುಕೊಂಡು ಹೋಗಿದ್ದೆ. ಡಬ್ಬಿಯ ಬಾಗಿಲಲ್ಲಿ ನಿಂತು ಎಣಿಸಬೇಕಾದವನೂ ನಾನೇ. ಅವತ್ತು ಎಣಿಸಿರಲಿಲ್ಲ, ಫೋನಿನಲ್ಲಿ ಬೈಯುತ್ತಲೇ ಸಹಿ ಎಳೆದಿದ್ದೆ.

ಆಗ ಬಶೀರ್ ಕೇಳಿದ್ದು ನೆನಪಿಗೆ ಬಂತು. ಒಂದೊಂದು ಶಬ್ದವೂ ಬಂತು. "ಬೋನಿ, ಈ ಅಂಜಲ್ ಗೋವದಿಂದ ಬಂದದ್ದಾ? ಬಾಲ ಕೊನೆಗೆ ಉಂಟಲ್ಲ." ಅದಕ್ಕೆ ನಾನು ಕೊಟ್ಟ ಉತ್ತರವೂ ನೆನಪಾಯಿತು. ಗೋಡೆಗೆ ತಲೆ ಚಚ್ಚಿಕೊಂಡೆ, ಹಣೆ ಒಡೆಯಿತು. ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯದ ಎದುರು ಆ ಮೀನಿನ ನಾತ ಏನೂ ಅಲ್ಲ.

ಉಳಿದದ್ದನ್ನೂ ಒಡೆದು ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳು. ಬಂತು, ಒಂದು ಪೆಟ್ಟಿಗೆಗೆ ಕಾಲನ್ನೂ ಎತ್ತಿದೆ. ಆದರೆ ಕಾಲು ಇಳಿಸಿ ಲೆಸ್ಟರ್ ಸರ್ ಆಫೀಸಿಗೆ ಹೋಗಿ ಎಲ್ಲ ಹೇಳಿದೆ. ಅವರು ಕುರ್ಚಿಯಿಂದ ಏಳಲಿಲ್ಲ.

"ಬಾಗಿಲು ಹಾಕು ಮೊದಲು. ಯಾರ ಹತ್ತಿರ ಹೇಳಿದ್ದಿ?"

"ಯಾರ ಹತ್ತಿರವೂ ಇಲ್ಲ ಸರ್."

"ಹಾಗಾದ್ರೆ ಹೇಳ್ಬೇಡ. ಅವನ ಕೈ ಹೇಗೂ ಹೋಯ್ತಲ್ಲ ಮಾರಾಯ, ಇನ್ನು ಎತ್ತುವುದಕ್ಕೆ ಆಗುವುದಿಲ್ಲ. ನಿನ್ನ ಕೈ ಸರಿ ಉಂಟು. ಹೋಗುವವನ ತಲೆಗೇ ಇರಲಿ ಬಿಡು."

ಜೀವಮಾನದಲ್ಲಿ ಯಾರಿಗಾದರೂ ಹೊಡೆಯಬೇಕಾದ ಹೊತ್ತು ಇದ್ದರೆ ಅದು ಇದೇ. ಮೇಜಿನ ಮೇಲೆ ಕಬ್ಬಿಣದ ಪಂಚಿಂಗ್ ಮೆಷಿನ್ ಇತ್ತು, ಕೈ ಅದರ ಮೇಲೆ ಹೋಗಿಯೂ ಇತ್ತು. ಬೆಳಿಗ್ಗೆ ಕೊಕ್ಕೆ ಹಿಡಿದ ಕೈಯೂ ಅದೇ. ನೋಡಿ ಹೇಸಿಗೆಯಾಗಿ ತೆಗೆದೆ.

ಶೆಡ್ಡಿಗೆ ಬಂದು ಉಳಿದ ನಾಲ್ವರನ್ನೂ ಕರೆದೆ. ಆಸ್ಪತ್ರೆಗೆ ಹೋದವರೂ ಬಂದಿದ್ದರು. ಪೆಟ್ಟಿಗೆ ತಿರುಗಿಸಿ ತೋರಿಸಿದೆ. "ಬಾಲ ತಪ್ಪಿಸಿದ್ದು ನಾನು. ಬಶೀರ್ ನನ್ನನ್ನು ಕೇಳಿದ್ದ. ನಾನು ಬೈದು ಕಳಿಸಿದೆ. ಅವನದ್ದು ಎಂತದೂ ತಪ್ಪಿಲ್ಲ."

ವಾಮನ ಹತ್ತಿರ ಬಂದು, "ಬರೆದದ್ದು ಯಾವ ಕೈ?" ಎಂದು ಕೇಳಿದ. ಬಲಗೈ ಮುಂದೆ ಹಿಡಿದೆ. ಅವನು ಅದನ್ನು ಮುಟ್ಟಲಿಲ್ಲ, ಹೊಟ್ಟೆಗೆ ಗುದ್ದಿದ. ಬಗ್ಗಿದೆ. ಆಮೇಲೆ ನಾಲ್ವರೂ ಸೇರಿದರು. ಪಕ್ಕೆಗೆ, ಬೆನ್ನಿಗೆ, ಮುಖಕ್ಕೆ, ಬಿದ್ದ ಮೇಲೆ ಕಾಲಲ್ಲಿ. ಇಪ್ಪತ್ತಾರು ವರ್ಷ ನಾನು ಕೊಟ್ಟ ಪೆಟ್ಟುಗಳ ಹಳೆ ಬಾಕಿಯೂ ಅದರಲ್ಲಿತ್ತು. ಒಂದು ಕಣ್ಣು ಮುಚ್ಚಿತು, ಎರಡು ಪಕ್ಕೆಲುಬು ಬಿರಿಯಿತು. ನಾನು ಕೈ ಎತ್ತಲಿಲ್ಲ. ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ಎತ್ತುವ ಮುಖ ಇರಲಿಲ್ಲ ಅಷ್ಟೇ.

ಗಾಡಿ ಹೊರಡಲು ಒಂದು ಗಂಟೆ ಇತ್ತು. ವಾಮನ ಲೆಸ್ಟರ್ ಸರ್ ಎದುರು ಹೋಗಿ ನಿಂತ. "ಬಶೀರನಿಗೆ ಇಲ್ಲೇ ಕೆಲಸ ಉಂಟು ಅಂತ ನೀವು ಹೇಳುವವರೆಗೆ ಒಂದು ಕಟ್ಟೂ ಡಬ್ಬಿಗೆ ಹೋಗುವುದಿಲ್ಲ." ಪ್ಲಾಟ್‌ಫಾರ್ಮಿನಲ್ಲಿ ಮಾಲು ರಾಶಿ ಬಿದ್ದಿತ್ತು. ಲೆಸ್ಟರ್ ಸರ್ ಅರ್ಧ ಗಂಟೆ ಬೊಬ್ಬೆ ಹಾಕಿದರು, ಆಮೇಲೆ ಒಪ್ಪಿದರು.

ಮರುದಿನ ನಾನು ಕುಂಟುತ್ತಾ ಆಸ್ಪತ್ರೆಗೆ ಹೋದೆ. ಬಶೀರ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ಪೊಲೀಸಿಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ಕೇಸ್ ಆದ್ರೆ ರೈಲ್ವೆ ಸ್ಟೇಷನ್ ಒಳಗೆ ಹೋಗುವ ಪಾಸು ಎಲ್ಲರದ್ದೂ ಹೋಗ್ತದೆ. ನಿನಗೋಸ್ಕರ ಅಲ್ಲ." ನಾನು ಕ್ಷಮೆ ಕೇಳಿದೆ, ಕಣ್ಣೀರು ಹಾಕಿದೆ ಕೂಡ. ಅವನು ತಿರುಗಲಿಲ್ಲ.

ನಾಲ್ಕು ತಿಂಗಳ ಮೇಲೆ ಅವನು ಕೆಲಸಕ್ಕೆ ಬಂದ. ಬಲಗೈ ಸೊಟ್ಟ, ಒಂದು ಕೊಡ ನೀರು ಎತ್ತಲಾಗುವುದಿಲ್ಲ. ಅಷ್ಟರಲ್ಲಿ ಲೆಸ್ಟರ್ ಸರ್ ವಿಮಾನದ ಸರಕಿಗೆ ಇದ್ದಂಥದ್ದೇ ಸ್ಟಿಕ್ಕರ್, ಅದನ್ನು ಓದುವ ಪಿಸ್ತೂಲಿನಂಥ ಮೆಷಿನ್ ತರಿಸಿದ್ದರು. ಆ ಕೆಲಸ ಬಶೀರನಿಗೆ ಕೊಟ್ಟರು. ಎಡಗೈಯಲ್ಲಿ ಮೆಷಿನ್ ಹಿಡಿದು ಟಿಕ್ ಅನಿಸುತ್ತಾನೆ. ಬ್ರಶ್ಶು ಹೋಯಿತು, ಸ್ಟಿಕ್ಕರಿನ ಮೇಲೂ ಅಕ್ಷರ ಮಾತ್ರ ಅವೇ. ಅವನು ಎತ್ತುತ್ತಿದ್ದುದನ್ನು ಈಗ ನಾನು ಎತ್ತುತ್ತೇನೆ, ಈ ಪ್ರಾಯದಲ್ಲಿ. ಪಕ್ಕೆ ನೋಯುತ್ತದೆ, ನೋಯಲಿ. ಅವನು ನನ್ನ ಹತ್ತಿರ ಮಾತಾಡುವುದಿಲ್ಲ, ಬೆರಳು ತೋರಿಸುತ್ತಾನೆ, ನಾನು ಎತ್ತಿಡುತ್ತೇನೆ.

ಹೋದ ಶುಕ್ರವಾರ ಗಾಡಿಗೆ ಹತ್ತು ನಿಮಿಷ ಇತ್ತು. ಅವನು ಡಬ್ಬಿಯ ಕಡೆ ಬೆರಳು ತೋರಿಸಿದ ಒಂದು ಔಷಧದ ಪೆಟ್ಟಿಗೆ ಹಿಡಿದಾಗ ನನಗೆ ಅನುಮಾನ ಬಂತು. ಔಷಧ ಬರುವುದು ಗೋವದಿಂದ, ಸ್ಟಿಕ್ಕರಿನ ಕೊನೆಯ ಅಕ್ಷರ ಧೂಳು ಕೂತು ಸರಿ ಕಾಣುತ್ತಿರಲಿಲ್ಲ. ಎಲ್ಲರೂ ಗಡಿಬಿಡಿಯಲ್ಲಿದ್ದರು, ಅವನು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ. ಕೇಳಲೋ ಬೇಡವೋ ಎಂದು ನಿಂತೆ. ಏನು ಉತ್ತರ ಬರುತ್ತದೆಂದು ನನಗೆ ಗೊತ್ತಿತ್ತು. ಆ ಮಾತನ್ನು ಅವನಿಗೆ ಕಲಿಸಿದವನೇ ನಾನು.

"ಬಶೀರ್, ಇದು ಗೋವದಿಂದ ಬಂದದ್ದಲ್ವಾ?"

ಅವನು ಫೋನು ಕಿವಿಯಿಂದ ತೆಗೆದ. ಮೆಷಿನ್ ಕೆಳಗಿಟ್ಟ. ಹತ್ತಿರ ಬಂದು, ಬಗ್ಗಿ, ಸ್ಟಿಕ್ಕರಿನ ಕೊನೆಯ ಅಕ್ಷರವನ್ನು ಸೊಟ್ಟ ಕೈಯ ಬೆರಳಿನಿಂದ ಉಜ್ಜಿ ನೋಡಿದ.

"ಹೌದು, ಬಾಲ ಉಂಟು," ಎಂದ. "ಕೇಳಿದ್ದು ಒಳ್ಳೇದಾಯ್ತು."

ಅಷ್ಟು ಹೇಳಿ ಹೋಗಿ ಮೆಷಿನ್ ಎತ್ತಿಕೊಂಡ. ನಾನು ಪೆಟ್ಟಿಗೆ ಹೊತ್ತುಕೊಂಡು ಹಿಂದಿನ ಕೋಣೆಗೆ ಹೋದೆ, ಗಾಡಿ ಹೊರಟ ಮೇಲೂ ಹೊರಗೆ ಬರಲಿಲ್ಲ.